ಕ್ರಿಮಿಯೇ ಆಗಿರಲಿ

“ಕ್ರಿಮಿ ಇದ್ರೂ ಏರುತ್ತಂತೆ, ಕ್ಯಾನ್ಸರ್ ಇದ್ರೂ ಏರುತ್ತಂತೆ. ಯಾವ್ದು ಅಂತ ಈಗ್ಲೇ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರು,” ಎಂದ ಅಂಬರೀಶ್. ಮುರಿದ ಮುದ್ದೆಯ ತುತ್ತು ಅವನ ಕೈಯಲ್ಲೇ ಆರುತ್ತಿತ್ತು.

ಏರಿದ್ದದ್ದು ಅವನಪ್ಪ ಲಕ್ಷ್ಮಯ್ಯನ ರಕ್ತದಲ್ಲಿದ್ದ ಪಿಎಸ್‌ಎ ಎನ್ನುವ ಒಂದು ಅಂಶ. ಗಂಡಸರ ಮೂತ್ರಕೋಶದ ಕೆಳಗೆ ನೆಲ್ಲಿಕಾಯಿಯಷ್ಟು ದಪ್ಪದ ಒಂದು ಗ್ರಂಥಿ ಇರುತ್ತದೆ, ಪ್ರಾಸ್ಟೇಟ್ ಅಂತ ಅದರ ಹೆಸರು, ಅದು ಕೆಟ್ಟರೆ ರಕ್ತದಲ್ಲಿ ಈ ಅಂಶ ಏರುತ್ತದೆ ಎಂದು ದೇವನಹಳ್ಳಿಯ ಡಾಕ್ಟರು ಚಿತ್ರ ಬರೆದು ತೋರಿಸಿದ್ದರಂತೆ. ಮಗ ಅದನ್ನೆಲ್ಲ ಬಿಡಿಸಿ ಹೇಳುವಾಗ ಲಕ್ಷ್ಮಯ್ಯ ಗೋಡೆಗೆ ಒರಗಿಕೊಂಡು, ಇದು ಯಾರದೋ ಮನೆಯ ವಿಚಾರ ಎನ್ನುವ ಹಾಗೆ ಉಪ್ಸಾರಿನ ಖಾರ ನೆಕ್ಕುತ್ತಿದ್ದ.

“ಕ್ರಿಮಿ ಆದ್ರೆ ಏನ್ಮಾಡ್ತಾರೆ?” ಮುನಿವೆಂಕಟಮ್ಮ ಕೇಳಿದಳು.

“ಮಾತ್ರೆ ಕೊಡ್ತಾರೆ. ವಾಸಿಯಾಗುತ್ತೆ.”

“ಇನ್ನೊಂದಾದ್ರೆ?”

ಅಂಬರೀಶ್ ತುತ್ತನ್ನು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡ. ಬಾಯಿ ತುಂಬಿದ್ದರಿಂದ ಮಾತಾಡುವ ಹಾಗಿರಲಿಲ್ಲ.

“ಹಂಗಾದ್ರೆ ಕ್ರಿಮಿನೇ ಆಗಿರ್ಲಿ ಬಿಡು,” ಎಂದು ಮುನಿವೆಂಕಟಮ್ಮ ಗಂಡನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ಸೊಸೆ ಪ್ರಮೋದಾಳಿಗೆ ಅಂಥ ಹೊತ್ತಿನಲ್ಲೂ ನಗು ಬಂತು. “ಕ್ರಿಮಿ ಬೇಕು ಅನ್ನೋ ಅತ್ತೇನ ಇವತ್ತೇ ನೋಡಿದ್ದು ನಾನು.”

ನಗುವುದಕ್ಕೆ ಕಾರಣವಿತ್ತು. ನಲ್ಲೂರಿನ ಹುಣಸೆ ತೋಪಿನಿಂದ ಒಂದು ಕೂಗಳತೆ ದೂರದಲ್ಲಿದ್ದ ಆ ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಉದ್ದನೆಯ ಕೋಣೆಯಿತ್ತು. ಹುಳು ಮನೆ ಎನ್ನುತ್ತಿದ್ದರು. ಅದರ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ತೊಟ್ಟಿ. ಯಾರೇ ಆಗಲಿ ಅದರಲ್ಲಿ ಕಾಲು ಅದ್ದಿ, ಪಕ್ಕದ ಬಕೆಟ್ಟಿನಲ್ಲಿ ಕೈ ಅದ್ದಿಯೇ ಒಳಗೆ ಕಾಲಿಡಬೇಕು. ಹಿಂದೊಮ್ಮೆ ಹುಳುಗಳಿಗೆ ಗಂಟುರೋಗ ಎನ್ನುವ ಅಂಟುಜಾಡ್ಯ ಬಿದ್ದು, ನಾಲ್ಕನೇ ಜ್ವರ ಎದ್ದ ಹುಳುಗಳನ್ನೆಲ್ಲ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದ್ದರು. ಹುಳು ಪೊರೆ ಬಿಡಲು ತಲೆಯೆತ್ತಿ ಮಲಗುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದರೆ ಗೂಡು ಕೈಗೆ ಬಂದ ಹಾಗೇ. ಅಂಥದ್ದನ್ನು ಮಣ್ಣಿಗೆ ಹಾಕಿದ ಮೇಲೆ ಮುನಿವೆಂಕಟಮ್ಮ ಕಣ್ಣಿಗೆ ಕಾಣದ್ದರ ಮೇಲೆ ಕತ್ತಿ ಹಿರಿದು ನಿಂತುಬಿಟ್ಟಿದ್ದಳು. ಹುಳು ಮೇಯುವ ಬಿದಿರು ತಟ್ಟೆ, ಅವು ಗೂಡು ಕಟ್ಟುವ ಚಂದ್ರಿಕೆ, ಸೊಪ್ಪು ಕತ್ತರಿಸುವ ಕುಡುಗೋಲು, ಸೊಪ್ಪಿನ ಮಂಕರಿ, ಒಂದೂ ಬ್ಲೀಚಿಂಗ್ ನೀರು ಕಾಣದೆ ಒಳಗೆ ಹೋಗುವಂತಿರಲಿಲ್ಲ. ಮದುವೆಯಾಗಿ ಬಂದ ಮೊದಲ ವಾರ ಪ್ರಮೋದಾಳ ಹೊಸ ಬಳೆಗಳೂ ಅದರಲ್ಲಿ ಮುಳುಗಿ ಎದ್ದಿದ್ದವು.

“ಎಷ್ಟು ದಿನದಿಂದ ಇದೆಯಂತೆ ಉರಿಮೂತ್ರ, ಕೇಳು ಅಪ್ಪನ್ನ,” ಎಂದ ಅಂಬರೀಶ್, ಬಾಯಿ ಖಾಲಿಯಾದ ಮೇಲೆ. “ಡಾಕ್ಟ್ರ ಮುಂದೆ ಒಂದು ವರ್ಷ ಅಂದ. ನಮ್ಗೆ ಒಂದು ಮಾತು ಹೇಳಿಲ್ಲ.”

“ಏನಂತ ಹೇಳ್ಲಿ? ಗಳಿಗೆಗೊಂದ್ಸಲ ಎದ್ದು ಹೋಗ್ತೀನಿ ಅಂತ ತಮಟೆ ಹೊಡೆಸ್ಲಾ?” ಲಕ್ಷ್ಮಯ್ಯ ಕೈ ತೊಳೆಯಲು ಎದ್ದ. ಹಾಗೇ ಬಚ್ಚಲ ಕಡೆಗೂ ಹೋದ.

ಅವನು ಅಷ್ಟಕ್ಕೇ ನಿಲ್ಲಿಸಿದರೂ ಮುನಿವೆಂಕಟಮ್ಮನಿಗೆ ಉಳಿದದ್ದು ಗೊತ್ತಿತ್ತು. ಹುಳು ಹಣ್ಣಾಗಿ ಗೂಡು ಕಟ್ಟುವ ದಿನಗಳಲ್ಲಿ ಅವನು ಹುಳು ಮನೆಯಲ್ಲೇ ಮಲಗುತ್ತಿದ್ದ. ಹೊರಗೆ ಹೋಗಿ ಬಂದಾಗಲೆಲ್ಲ ಮತ್ತೆ ಕಾಲು ತೊಳಿ, ಕೈ ತೊಳಿ ಎಂದು ಅವಳು ಒಳಗಿನಿಂದಲೇ ಕೂಗುತ್ತಿದ್ದಳು. ಆ ಕಾಟಕ್ಕೆ ಅವನು ನೀರು ಕುಡಿಯುವುದನ್ನೇ ಬಿಟ್ಟಿದ್ದ. ಚೊಂಬು ತುಂಬಿಟ್ಟರೆ ತುಂಬಿದ ಹಾಗೇ ಇರುತ್ತಿತ್ತು. ಅವಳು ಅದನ್ನು ಕಂಡೂ ಏನೆಂದು ಕೇಳಿರಲಿಲ್ಲ.

ಮಾರನೆಯ ದಿನ ಮಾತು ಬೆಳೆಯ ಕಡೆಗೆ ತಿರುಗಿತು. ಈ ಸಲ ಹುಳುವಿನ ಬೆಳೆ ಬೇಡ ಎಂದಳು ಪ್ರಮೋದಾ. ಮಾವನಿಗೆ ಆಸ್ಪತ್ರೆ, ಗಂಡನಿಗೆ ವಿಮಾನ ನಿಲ್ದಾಣದ ಸರಕಿನ ಶೆಡ್ಡಿನಲ್ಲಿ ಪಾಳಿ ಕೆಲಸ, ಉಳಿದವರು ಅತ್ತೆ ಸೊಸೆ ಇಬ್ಬರೇ, ಸೊಪ್ಪು ಕೊಯ್ಯುವವರು ಯಾರು ಎಂದು ಕೇಳಿದಳು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಚಾಕಿ ಹುಳು, ಅಂದರೆ ಎರಡು ಜ್ವರ ದಾಟಿಸಿದ ಮರಿ ಹುಳು, ಮೊದಲೇ ಹೇಳಿಟ್ಟಾಗಿತ್ತು. ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಎದೆಮಟ್ಟ ನಿಂತಿತ್ತು.

“ಸೊಪ್ಪೇನು ನಿನ್ ಗಂಡನ ಡ್ಯೂಟಿ ನೋಡ್ಕೊಂಡು ಬೆಳೆಯುತ್ತಾ?” ಎಂದಳು ಮುನಿವೆಂಕಟಮ್ಮ.

“ಸೊಪ್ಪು ಮೇಕೆಗೆ ಹಾಕಿದ್ರಾಯ್ತು. ಮಾವನಿಗಿಂತ ಹೆಚ್ಚಾ ಅತ್ತೆ ಹುಳು?”

“ಹೆಚ್ಚು ಕಮ್ಮಿ ನಂಗೆ ನೀನು ತೂಕ ಮಾಡಿ ಹೇಳ್ಬೇಡ. ಸುಮ್ನೆ ಕೂತ್ರೆ ನಾನು ಏನೇನೋ ಯೋಚ್ನೆ ಮಾಡ್ತೀನಿ ಕಣಮ್ಮ. ಕೈಗೆ ಕೆಲ್ಸ ಇರ್ಲಿ.”

ಚಾಕಿ ಹುಳು ಬಂದವು. ಪಕ್ಕದ ಮನೆಯ ಮಾರಕ್ಕ ಸೊಪ್ಪು ಕೊಯ್ದು ಕೊಡಲು ಬರತೊಡಗಿದಳು. ಬರುವಾಗಲೆಲ್ಲ ಬಾಳೆದಿಂಡಿನ ರಸ, ಬಾರ್ಲಿ ಗಂಜಿ, ಎಳನೀರು ಅಂತ ಒಂದೊಂದು ಔಷಧಿಯ ಹೆಸರು ಹೊತ್ತುಕೊಂಡೇ ಬರುತ್ತಿದ್ದಳು. ತನ್ನ ಅಣ್ಣನಿಗೂ ಹೀಗೇ ಆಗಿತ್ತು, ಬರೀ ಉಷ್ಣ, ದಿಂಡಿನ ರಸಕ್ಕೇ ಹೋಯಿತು ಎನ್ನುವಳು. ಆ ಅಣ್ಣ ಈಗ ಹೇಗಿದ್ದಾನೆ ಎಂದು ಲಕ್ಷ್ಮಯ್ಯ ಕೇಳಿದರೆ, ಅವನು ಹೋಗಿ ಮೂರು ವರ್ಷವಾಯಿತಲ್ಲ, ಅದು ಬೇರೆ ಕಾಯಿಲೆ ಎನ್ನುವಳು. ಲಕ್ಷ್ಮಯ್ಯ ಕೆಮ್ಮು ಬರುವಷ್ಟು ನಗುವನು.

ಡಾಕ್ಟರು ಮೊದಲು ಮೂತ್ರದ ಕಲ್ಚರ್ ಮಾಡಿಸಿ ಎಂದಿದ್ದರು. ಕ್ರಿಮಿ ಇದೆಯೋ ಇಲ್ಲವೋ ತಿಳಿದರೆ ಮುಂದಿನ ದಾರಿ ತಿಳಿಯುತ್ತದೆ ಎಂಬುದು ಅವರ ಮಾತು. ಮೂತ್ರವನ್ನು ಒಂದು ತಟ್ಟೆಗೆ ಹಾಕಿ, ಬೆಚ್ಚಗಿಟ್ಟು, ಕ್ರಿಮಿ ಬೆಳೆಯುತ್ತವೆಯೇ ನೋಡುತ್ತಾರಂತೆ ಎಂದು ಅಂಬರೀಶ್ ವಿವರಿಸಿದಾಗ ಲಕ್ಷ್ಮಯ್ಯನಿಗೆ ಮೊದಲ ಸಲ ಆಸಕ್ತಿ ಹುಟ್ಟಿತು. “ಮೊಟ್ಟೆಗೆ ಕಾವು ಕೊಟ್ಟಂಗೆ ಅನ್ನು. ನಂದೂ ಚಾಕಿ ಕಟ್ತಾರೆ,” ಎಂದ.

ಸಂಜೆ, ರಾತ್ರಿ ಪಾಳಿಗೆ ಹೋಗುವ ಮೊದಲು ಅಂಬರೀಶ್ ಅಮ್ಮನ ಕೈಗೆ ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ಸಣ್ಣ ಬಾಟಲಿ ಕೊಟ್ಟ. ಬೆಳಿಗ್ಗೆ ಎದ್ದ ಕೂಡಲೇ ಅಪ್ಪನ ಕೈಗೆ ಕೊಡು, ಮೊದಲು ಸ್ವಲ್ಪ ಬಿಟ್ಟು ಆಮೇಲಿನದನ್ನು ಹಿಡಿಯಬೇಕು, ಪಾಳಿ ಮುಗಿಸಿ ಬಂದು ನಾನೇ ಲ್ಯಾಬಿಗೆ ಒಯ್ಯುತ್ತೇನೆ ಎಂದ. ಗಲೀಜಾಗಬಾರದು, ಬಾಟಲಿ ಚೊಕ್ಕಟವಾಗಿರಬೇಕು ಎಂದು ಗಾಡಿ ಹತ್ತಿದ ಮೇಲೂ ಕೂಗಿ ಹೇಳಿದ.

ಚೊಕ್ಕಟದ ವಿಚಾರ ಮುನಿವೆಂಕಟಮ್ಮನಿಗೆ ಹೇಳಿಕೊಡಬೇಕಾಗಿರಲಿಲ್ಲ. ಕವರು ಹರಿದು ಬಾಟಲಿಯನ್ನು ತಿರುಗಿಸಿ ನೋಡಿದಳು. ನೋಡಲು ಶುಭ್ರವಾಗಿಯೇ ಇತ್ತು. ಆದರೆ ಅಂಗಡಿಯವನ ಕೈ, ಅದಕ್ಕೆ ಮುಂಚೆ ಇನ್ಯಾರದೋ ಕೈ. ಕಣ್ಣಿಗೆ ಕಾಣುವುದನ್ನು ನಂಬಿದ್ದರೆ ಅವಳು ಇಷ್ಟು ಬೆಳೆ ತೆಗೆಯುತ್ತಿದ್ದಳೇ? ತಟ್ಟೆಗಳನ್ನು ತೊಳೆಯುತ್ತಿದ್ದ ಬ್ಲೀಚಿಂಗ್ ನೀರಿನಲ್ಲೇ ಬಾಟಲಿಯನ್ನೂ ಮುಚ್ಚಳವನ್ನೂ ಮುಳುಗಿಸಿ, ಒಳಗೆ ಬೆರಳು ಹಾಕಿ ತಿರುವಿ, ನೀರು ಕೊಡವಿ, ಬಿದಿರು ತಟ್ಟೆಗಳ ಪಕ್ಕದ ಗೂಟಕ್ಕೆ ಬೋರಲು ಹಾಕಿದಳು. ಸಂಜೆಯ ಬಿಸಿಲಿಗೆ ಅದು ಪಳಪಳ ಹೊಳೆಯುತ್ತಿತ್ತು. ದೇವರೇ, ಕ್ರಿಮಿಯೇ ಆಗಿರಲಿ ಎಂದು ಅದಕ್ಕೇ ಕೈಮುಗಿದಳು.

ವಾರದೊಳಗೆ ರಿಪೋರ್ಟು ಬಂತು. ಏನೂ ಬೆಳೆದಿಲ್ಲ.

“ಒಳ್ಳೇದಾಯ್ತಲ್ಲ,” ಎಂದು ಮಾರಕ್ಕ ಸೊಪ್ಪಿನ ಹೊರೆ ಇಳಿಸಿ ಖುಷಿಪಟ್ಟಳು. ಮನೆಯವರು ಯಾರೂ ಖುಷಿಪಡಲಿಲ್ಲ. ಕ್ರಿಮಿ ಇಲ್ಲ ಎಂದರೆ ಏರಿದ್ದಕ್ಕೆ ಇನ್ನೊಂದು ಕಾರಣವಿರಬಹುದು, ಗ್ರಂಥಿಯಿಂದ ಸೂಜಿಯಲ್ಲಿ ಚೂರು ತೆಗೆದು ನೋಡೋಣ ಎಂದರಂತೆ ಡಾಕ್ಟರು. ಅದಕ್ಕೆ ಬೆಂಗಳೂರಿನ ಆಸ್ಪತ್ರೆಗೆ ಬರೆದುಕೊಟ್ಟಿದ್ದರು.

“ತಾಯಿ ಚಿಟ್ಟೆ ಅರೆದು ಗಾಜಿನಲ್ಲಿಟ್ಟು ನೋಡ್ತಾರಲ್ಲ, ಮೊಟ್ಟೇಲಿ ಗಂಟುರೋಗ ಇದ್ಯಾ ಅಂತ, ಹಂಗೇ ಇದೂ,” ಎಂದು ಲಕ್ಷ್ಮಯ್ಯ ಹೆಂಡತಿಗೆ ಸಮಾಧಾನ ಹೇಳಿದ.

“ಅದು ಚಿಟ್ಟೆ ಮೊಟ್ಟೆ ಇಟ್ಟು ಅದ್ರ ಕೆಲ್ಸ ಮುಗಿದ ಮೇಲೆ ಅರೆಯೋದು,” ಎಂದಳು ಅವಳು.

“ನಂದೇನು ಮುಗೀಲಿಲ್ವಾ?” ಎಂದು ನಕ್ಕ.

ಬಯಾಪ್ಸಿ ಒಂದೇ ದಿನದಲ್ಲಿ ಮುಗಿಯಿತು. ಬೆಳಿಗ್ಗೆ ಹೋದವನು ಸಂಜೆಗೆ ವಾಪಸು ಬಂದು, ಮಂಚದ ಮೇಲೆ ಒಂದು ಮಗ್ಗುಲಾಗಿ ಕೂತು ಚಿತ್ರಾನ್ನ ತಿಂದ. ಸೂಜಿ ಹಿಂದಿನಿಂದ ಹಾಕಿದರು, ಮರ್ಯಾದೆ ಪೂರ್ತಿ ಹೋಯಿತು ಎಂದು ಪ್ರಮೋದಾ ಒಳಗೆ ಹೋದ ಮೇಲೆ ಪಿಸುಗುಟ್ಟಿದ. ಎರಡನೇ ದಿನ ಹೊತ್ತು ಏರುವಾಗ ಚಳಿ ಎಂದ. ಕಂಬಳಿ ಹೊದಿಸಿದರು. ಕಂಬಳಿಯ ಮೇಲೆ ಗೋಣಿ ಹೊದಿಸಿದರು. ಮಂಚ ಗಡಗಡ ಸದ್ದು ಮಾಡುವಷ್ಟು ನಡುಗುತ್ತಿದ್ದ. ಕರೆದರೆ ಓಗೊಡುತ್ತಿದ್ದ, ಆದರೆ ಯಾವಾಗಲೋ ತೀರಿಹೋದ ತನ್ನ ಅಕ್ಕ ಅಮ್ಮಯಮ್ಮನ ಹೆಸರು ಹಿಡಿದು ಓಗೊಡುತ್ತಿದ್ದ.

ಅಂಬರೀಶ್ ಕಾರು ತರಿಸಿದ. ಅದೇ ದಿನ ಹುಳು ಹಣ್ಣಾಗತೊಡಗಿದ್ದವು. ಮೈ ಹಳದಿಗೆ ತಿರುಗಿ, ಸೊಪ್ಪು ಬಿಟ್ಟು, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತಿದ್ದವು. ಆ ಹೊತ್ತಿನಲ್ಲಿ ಒಂದೊಂದನ್ನೂ ಆರಿಸಿ ಚಂದ್ರಿಕೆಗೆ ಬಿಡದೆ ಹೋದರೆ ನೂಲು ಸೊಪ್ಪಿನ ಮೇಲೆಯೇ ಉಗುಳಿ ಹಾಳಾಗುತ್ತವೆ. ಮುನಿವೆಂಕಟಮ್ಮ ಕಾರಿನ ಬಾಗಿಲು ಹಿಡಿದು ನಿಂತಳು.

“ಹತ್ತು ಮತ್ತೆ,” ಎಂದ ಮಗ.

“ಹುಳು ಹಣ್ಣಾಗವ್ವೆ ಕಣೋ.”

“ಸುಟ್ಟಾಕು ನಿನ್ ಹುಳಾನ,” ಎಂದು ಅಂಬರೀಶ್ ಬಾಗಿಲು ಎಳೆದುಕೊಂಡ.

ಕಾರು ಹೋಯಿತು. ಅತ್ತೆ ಸೊಸೆ ಮಾರಕ್ಕ ಮೂವರೂ ಕೂತು ಹುಳು ಆರಿಸಿದರು. ಮಾರಕ್ಕ ಅವತ್ತು ಯಾವ ಔಷಧಿಯನ್ನೂ ಹೇಳಲಿಲ್ಲ. ಚಂದ್ರಿಕೆಯ ಸುರುಳಿಗಳಲ್ಲಿ ಹುಳುಗಳು ತಮ್ಮ ಸುತ್ತ ತಾವೇ ಗೋಡೆ ಎಬ್ಬಿಸಿಕೊಳ್ಳುವುದನ್ನು ನೋಡುತ್ತಾ ಮುನಿವೆಂಕಟಮ್ಮ ಕಣ್ಣು ಒರೆಸಿಕೊಳ್ಳಲು ಹೋಗಿ, ಕೈಗೆ ಬ್ಲೀಚಿಂಗ್ ಇದೆಯೆಂದು ನೆನಪಾಗಿ, ಹಾಗೇ ಇಳಿಯಲು ಬಿಟ್ಟಳು.

ಮಾರನೆಯ ದಿನ ಅವಳು ಆಸ್ಪತ್ರೆಗೆ ಹೋದಳು. ಗಾಜಿನ ಆಚೆ ಲಕ್ಷ್ಮಯ್ಯ ಮಲಗಿದ್ದ. ಮೂಗಿಗೊಂದು, ಕೈಗೊಂದು, ಕೆಳಗೊಂದು ನಳಿಕೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹೊರಗೆ ಬಂದು ಅಂಬರೀಶನನ್ನು ಕರೆದಳು. ರಕ್ತಕ್ಕೆ ಕ್ರಿಮಿ ಸೇರಿಬಿಟ್ಟಿದೆ, ಮೂತ್ರದ ತುಂಬ ಇದ್ದ ಕ್ರಿಮಿಯೇ ಸೂಜಿ ಚುಚ್ಚಿದಾಗ ಒಳಗೆ ಹೋಗಿದೆ, ಮುಂಜಾಗ್ರತೆಗೆ ಕೊಟ್ಟ ಮಾತ್ರೆಗೂ ಬಗ್ಗದ ಜಾತಿ ಎಂದಳು. ದೇವರು ಕೇಳಿದ್ದನ್ನು ಕೊಟ್ಟ, ತಡವಾಗಿ ಕೊಟ್ಟ ಎಂದುಕೊಂಡಳು ಮುನಿವೆಂಕಟಮ್ಮ.

“ಇಷ್ಟು ಕ್ರಿಮಿ ಇದ್ದೋರಿಗೆ ಮುಂಚೆ ಮಾಡಿಸಿದ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ ಅಂತ ಹೆಂಗೆ ಬಂತು?” ಎಂದು ಡಾಕ್ಟರಮ್ಮ ಫೈಲು ತಿರುವಿದಳು. “ಗೊತ್ತಿದ್ರೆ ಮೊದ್ಲು ಅದಕ್ಕೆ ಔಷಧಿ ಕೊಟ್ಟು ಆಮೇಲೆ ಬಯಾಪ್ಸಿ ಮಾಡ್ತಿದ್ವಿ. ಬಾಟ್ಲೀಲಿ ಸೋಪೋ ಫಿನಾಯಿಲೋ ಒಂದು ಹನಿ ಇದ್ರೂ ಕ್ರಿಮಿ ಬೆಳೆಯಲ್ಲ. ಏನಾದ್ರೂ ತೊಳೆದ್ರಾ ಮನೇಲಿ?”

“ಇಲ್ಲ ಮೇಡಂ. ಸೀಲ್ ಇತ್ತು. ನಾನೇ ತಂದಿದ್ದು,” ಎಂದ ಅಂಬರೀಶ್.

ಗೂಟಕ್ಕೆ ಬೋರಲು ಹಾಕಿದ್ದ ಬಾಟಲಿ ಮುನಿವೆಂಕಟಮ್ಮನ ಕಣ್ಣಿಗೆ ಕಟ್ಟಿತು. ಡಾಕ್ಟರಮ್ಮ ಅವಳ ಕಡೆ ನೋಡಲೂ ಇಲ್ಲ, ಬೇರೆ ರೋಗಿಯ ಕಡೆ ನಡೆದಳು. ಗಾಜಿನಾಚೆ ಹೋಗಬೇಕಾದರೆ ಕೈಗೆ ಏನೋ ದ್ರವ ಹಾಕಿ ಉಜ್ಜಿಕೊಳ್ಳಬೇಕಿತ್ತು. ಅವಳು ಉಜ್ಜಿಕೊಂಡಳು, ಉಜ್ಜುತ್ತಲೇ ನಿಂತಳು. ಸಾಕಮ್ಮ ಎಂದು ನರ್ಸ್ ಹೇಳಬೇಕಾಯಿತು.

ಲಕ್ಷ್ಮಯ್ಯ ಬದುಕಿಕೊಂಡ. ಮನೆಗೆ ಬಂದಾಗ ಅಂಗಿ ಅವನದಲ್ಲ ಎನ್ನುವ ಹಾಗಿತ್ತು. ಅಷ್ಟರಲ್ಲಿ ಬಯಾಪ್ಸಿಯ ಫಲಿತಾಂಶವೂ ಬಂದಿತ್ತು. ಕ್ಯಾನ್ಸರ್ ಇತ್ತು. ಬರೀ ಗ್ರಂಥಿಯಲ್ಲಲ್ಲ, ಸೊಂಟದ ಮೂಳೆಗೂ ಬಂದಿತ್ತು. ಕತ್ತರಿಸಿ ತೆಗೆಯುವ ಹಂತ ದಾಟಿದೆ, ಇಂಜೆಕ್ಷನ್ ಕೊಡುತ್ತಾ ತಡೆಹಿಡಿಯುವುದು, ಅದೂ ಕ್ರಿಮಿ ಪೂರ್ತಿ ಹೋಗಿ ಮೈ ಚೇತರಿಸಿಕೊಂಡ ಮೇಲೆ ಎಂದರು. ಕ್ರಿಮಿಯಿಂದಲೇ ಇದು ಹುಟ್ಟಿತಾ ಎಂದು ಮುನಿವೆಂಕಟಮ್ಮ ದೊಡ್ಡ ಡಾಕ್ಟರನ್ನು ಧೈರ್ಯ ಮಾಡಿ ಕೇಳಿದ್ದಳು. ಬಹಳ ದಿನ ಕ್ರಿಮಿ ಕೂತು ಊದಿಕೊಂಡ ಜಾಗದಲ್ಲಿ ಕ್ಯಾನ್ಸರ್ ಹುಟ್ಟಬಹುದಾ ಅಂತ ಹುಡುಕುತ್ತಿದ್ದಾರೆ, ಇನ್ನೂ ಯಾರಿಗೂ ಖಚಿತವಾಗಿ ಗೊತ್ತಿಲ್ಲ ತಾಯಿ ಎಂದಿದ್ದರು ಅವರು. ಇಷ್ಟು ಓದಿದವರೂ ಗೊತ್ತಿಲ್ಲ ಎಂದರೆ ಇನ್ನು ಯಾರನ್ನು ಕೇಳುವುದು ಎಂದು ಅವಳಿಗೆ ತಿಳಿಯಲಿಲ್ಲ.

ಅವತ್ತು ಅವರೆಕಾಳು ಸಾರು ಮಾಡಿದ್ದರು. ಎಲ್ಲರೂ ತಟ್ಟೆಯ ಮುಂದೆ ಕೂತಾಗ ಅವಳು ಬಡಿಸುವುದನ್ನು ನಿಲ್ಲಿಸಿ ಹೇಳಿಬಿಟ್ಟಳು.

“ಆ ಬಾಟ್ಲಿ ನಾನು ತೊಳ್ದಿದ್ದೆ.”

“ಯಾವ ಬಾಟ್ಲಿ?” ಎಂದ ಅಂಬರೀಶ್. ಕೇಳುವಾಗಲೇ ಅವನಿಗೆ ಗೊತ್ತಾಯಿತು. “ಯಾತ್ರಲ್ಲಿ?”

“ಬ್ಲೀಚಿಂಗ್ ನೀರಲ್ಲಿ.”

ಅಂಬರೀಶ್ ತಟ್ಟೆ ದೂಡಿದ. ಸಾರು ನೆಲದ ಮೇಲೆ ಹರಿಯಿತು. ಒಂದು ಮಾತು ಕೇಳಬಾರದಿತ್ತಾ, ಓದು ಬರಹ ಇಲ್ಲದಿದ್ದರೆ ಕೇಳುವ ಬುದ್ಧಿಯಾದರೂ ಬೇಡವಾ, ಡಾಕ್ಟರ ಮುಂದೆ ನಾನು ಎದೆ ತಟ್ಟಿ ಇಲ್ಲ ಅಂದೆನಲ್ಲ ಎಂದು ಎದ್ದು ನಿಂತು ಕೂಗಾಡಿದ. ನೀನು ಸಾಯಿಸಿಬಿಡುತ್ತಿದ್ದೆ ಅಪ್ಪನನ್ನು ಎಂದ. ಪ್ರಮೋದಾ ಅವನ ತೋಳು ಹಿಡಿದು, “ರೀ, ನೀವೇ ಅಲ್ವಾ ಚೊಕ್ಕಟವಾಗಿರ್ಬೇಕು ಅಂತ ಗಾಡಿ ಮೇಲಿಂದ ಕೂಗಿದ್ದು?” ಎಂದಳು. ಅವನು ತೋಳು ಕೊಡವಿಕೊಂಡ.

ಮುನಿವೆಂಕಟಮ್ಮ ಸೌಟು ಹಿಡಿದು ಕೂತೇ ಇದ್ದಳು.

“ನಂಗೆ ಗೊತ್ತಿತ್ತು ಬಿಡ್ರೋ,” ಎಂದ ಲಕ್ಷ್ಮಯ್ಯ.

ಎಲ್ಲರೂ ತಿರುಗಿದರು.

“ಮುಚ್ಚಳ ತೆಗೆದ ತಕ್ಷಣ ಬ್ಲೀಚಿಂಗ್ ವಾಸ್ನೆ ಬಂತು. ನಮ್ ಮನೆ ಬಾಟ್ಲಿ, ಬರ್ದೆ ಇರುತ್ತಾ ಅಂದ್ಕೊಂಡೆ. ಚೆನ್ನಾಗೇ ತೊಳ್ದವ್ಳೆ ಅಂತ ಸಮಾಧಾನನೂ ಆಯ್ತು. ನನ್ನೂ ಬೈಯೋ ಹಂಗಿದ್ರೆ ಕೂತ್ಕೊಂಡು ಬೈಯಿ, ಊಟ ಆರೋಗುತ್ತೆ.”

ಅಂಬರೀಶ್ ನಿಂತೇ ಇದ್ದ. ಯಾರನ್ನು ಬೈಯಬೇಕೆಂದು ತಿಳಿಯದೆ ಚೆಲ್ಲಿದ ಸಾರನ್ನು ನೋಡುತ್ತಿದ್ದ. ಪ್ರಮೋದಾ ಬಟ್ಟೆ ತಂದು ನೆಲ ಒರೆಸಿದಳು. ಸ್ವಲ್ಪ ಹೊತ್ತಿನ ಮೇಲೆ ಅವನೇ ಕೂತು ತಟ್ಟೆ ಎಳೆದುಕೊಂಡ. ಅಮ್ಮ ಮತ್ತೆ ಮುದ್ದೆ ಇಟ್ಟಳು. ಬೇಡ ಎನ್ನಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ.

ಗೂಡು ಒಳ್ಳೆಯದಾಗಿಯೇ ಬಂದಿತ್ತು. ಗಟ್ಟಿ ಗೂಡು, ರೋಗದ ಸುಳಿವಿಲ್ಲ. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತೆತ್ತಲಿಲ್ಲ.

ಇಂಜೆಕ್ಷನ್ ಶುರು ಮಾಡುವ ಮುಂಚೆ ಕ್ರಿಮಿ ಹೋಗಿದೆಯಾ ಎಂದು ಇನ್ನೊಮ್ಮೆ ನೋಡಬೇಕೆಂದರು. ಈ ಸಲ ಅಂಬರೀಶ್ ಬಾಟಲಿಯನ್ನು ಅಮ್ಮನ ಕೈಗೆ ಕೊಡಲಿಲ್ಲ. ಗೋಡೆಯ ಗೂಡಿನಲ್ಲಿ ಕವರಿನ ಸಮೇತ ಇಟ್ಟು, ಯಾರೂ ಮುಟ್ಟಬೇಡಿ ಎಂದ. ಯಾರೂ ಎಂದದ್ದು ಯಾರಿಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಮುನಿವೆಂಕಟಮ್ಮ ಆ ಗೂಡಿನ ಕೆಳಗೆ ಕಸ ಗುಡಿಸುವಾಗಲೂ ಒಂದು ಮಾರು ಸರಿದು ಗುಡಿಸಿದಳು.

ಬೆಳಿಗ್ಗೆ ಲಕ್ಷ್ಮಯ್ಯನೇ ಕವರು ಹರಿದು ಬಾಟಲಿ ಹಿಡಿದು ಬಚ್ಚಲಿಗೆ ಹೋದ. ಎಲ್ಲಿ ಜಾರಿ ಬೀಳುತ್ತಾನೋ ಎಂದು ಮುನಿವೆಂಕಟಮ್ಮ ಬಾಗಿಲಾಚೆ ನಿಂತಳು. ಪಕ್ಕದಲ್ಲೇ ಹುಳು ಮನೆಯ ಬಾಗಿಲು. ಮುಂದಿನ ಬೆಳೆಗೆಂದು ಪ್ರಮೋದಾ ಆಗಲೇ ತೊಟ್ಟಿಗೆ ಬ್ಲೀಚಿಂಗ್ ಕಲಸಿಟ್ಟಿದ್ದಳು. ತಲೆಯ ಮೇಲೆ ವಿಮಾನವೊಂದು ಇಳಿಯುವುದಕ್ಕೆ ಬಗ್ಗಿ ಹೋಯಿತು.

“ಇದ್ದೀಯಾ?” ಎಂದ ಒಳಗಿನಿಂದ.

“ಇದ್ದೀನಿ.”

“ಈ ಸಲ ಏನಂತ ಬೇಡ್ಕೊಂಡೆ? ಕ್ರಿಮಿ ಇರ್ಲಿ ಅಂತ್ಲೋ, ಹೋಗ್ಲಿ ಅಂತ್ಲೋ?”

“ಏನೂ ಬೇಡ್ಕೊಂಡಿಲ್ಲ. ಏನಂತ ಬೇಡ್ಕೋಬೇಕೋ ಗೊತ್ತಾಗ್ತಿಲ್ಲ.”

ಬಾಗಿಲು ಅರ್ಧ ತೆರೆದು ಬಾಟಲಿ ಹಿಡಿದ ಅವನ ಕೈ ಹೊರಗೆ ಬಂತು. ಮುಚ್ಚಳ ಸರಿಯಾಗಿ ಬಿಗಿದಿರಲಿಲ್ಲ. ನಾಲ್ಕು ಹನಿ ಅವಳ ಬೆರಳ ಮೇಲೆ ಬಿದ್ದವು. ಅವಳು ಮುಚ್ಚಳ ತಿರುಗಿಸಿ ಭದ್ರ ಮಾಡಿದಳು. ಬಾಟಲಿ ಬೆಚ್ಚಗಿತ್ತು. ತೊಟ್ಟಿ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು, ಅದರ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅಂಬರೀಶ್ ಗಾಡಿ ತಿರುಗಿಸಿಕೊಂಡು ಬರುವವರೆಗೂ ಅವಳು ಬಾಟಲಿಯನ್ನು ಕೆಳಗಿಡದೆ, ಬೆರಳನ್ನೂ ತೊಳೆಯದೆ ಅಲ್ಲೇ ನಿಂತಿದ್ದಳು.